ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಈ ಸೈಕಲ್ ರೇಸಿನಲ್ಲಿ ಎಲ್ಲರಿಗಿಂತ ನಿಧಾನದವರು ಎಲ್ಲರಿಗಿಂತ ಮೊದಲು ಹೊರಡುತ್ತಾರೆ. ಐದಾರು ನಿಮಿಷ ಬಿಟ್ಟು ಅವರಿಗಿಂತ ಒಂದು ಕೈ ಮೇಲಾದವರ ಗುಂಪು ಹೊರಡುತ್ತದೆ. ಇನ್ನಷ್ಟು ನಿಮಿಷ ಕಳೆದ ಮೇಲೆ ಮತ್ತೊಂದು ಗುಂಪು. ಕ್ಲಬ್ಬಿನ ಘಟಾನುಘಟಿಗಳು ಅರ್ಧ ಗಂಟೆ ಚಳಿಯಲ್ಲಿ ಕಾಲು ಕುಣಿಸುತ್ತಾ ನಿಂತು ಕಟ್ಟಕಡೆಗೆ ಹೊರಡುತ್ತಾರೆ. ಮೊದಲ ಗುಂಪಿಗೆ ಲಿಮಿಟ್, ಕೊನೆಯದಕ್ಕೆ ಸ್ಕ್ರಾಚ್, ಸ್ಕ್ರಾಚ್‌ಗಿಂತ ಸ್ವಲ್ಪ ಮುಂಚೆ ಹೊರಡುವ ಗುಂಪಿಗೆ ಬ್ಲಾಕ್ ಅಂತ ಹೆಸರು. ಹೊರಟ ಮೇಲೆ ಯಾರಿಗೂ ರಿಯಾಯಿತಿಯಿಲ್ಲ. ಗೆರೆಯನ್ನು ಮೊದಲು ದಾಟಿದವರೇ ಗೆದ್ದವರು. ಹ್ಯಾಂಡಿಕ್ಯಾಪ್ ರೇಸ್ ಅಂದರೆ ಇಷ್ಟೇ.

ನಾನು ತುಮಕೂರಿನವನು, ಮೆಲ್ಬರ್ನಿನಲ್ಲಿ ಕೆಲಸ, ಭಾನುವಾರ ಸೈಕಲ್. ಇಲ್ಲಿನ ಕ್ಲಬ್ಬಿಗೆ ಸೇರಿದ ಹೊಸತರಲ್ಲಿ ಈ ಪದ್ಧತಿ ವಯಸ್ಸಾದವರನ್ನು ಸಮಾಧಾನಪಡಿಸುವ ಉಪಾಯದಂತೆ ಕಾಣಿಸಿತ್ತು. ಚಿಕ್ಕಂದಿನಲ್ಲಿ ಲಗೋರಿ ಆಡುವಾಗ ತಮ್ಮ ತಂಗಿಯರು ರಚ್ಚೆ ಹಿಡಿದರೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ಳುತ್ತಿದ್ದೆವಲ್ಲ, ಹಾಗೆ. ಅವರು ಔಟಾದರೂ ಔಟಲ್ಲ, ಕಲ್ಲು ಜೋಡಿಸಿದರೂ ಜೋಡಿಸಿದಂತಲ್ಲ. ಈಗ ಯೋಚಿಸಿದರೆ ದೊಡ್ಡವರ ಹವ್ಯಾಸಿ ಸ್ಪರ್ಧೆಗಳಲ್ಲೇ ನಮ್ಮಲ್ಲಿ ಹೆಚ್ಚಿನವರ ಪಾಡು ಅದು. ದುಡ್ಡು ಕಟ್ಟುತ್ತೇವೆ, ನಂಬರ್ ಚೀಟಿ ಚುಚ್ಚಿಕೊಳ್ಳುತ್ತೇವೆ, ಮೆಡಲ್ ಕೊರಳಿಗೆ ಬೀಳುತ್ತದೆ. ಆದರೆ ಮುಂದಿನ ಹತ್ತು ಜನರ ರೇಸು ಮುಗಿದು ಅರ್ಧ ಗಂಟೆಯ ಮೇಲೆ ನಾವು ತಲುಪುತ್ತೇವೆ. ನಾವು ಬಂದರೂ ಬಾರದಿದ್ದರೂ ಅವರ ಫಲಿತಾಂಶ ಬದಲಾಗುವುದಿಲ್ಲ. ಹ್ಯಾಂಡಿಕ್ಯಾಪಿನಲ್ಲಿ ಹಾಗಲ್ಲ. ಅತಿ ನಿಧಾನದವರು ಆ ದಿನ ಎಷ್ಟು ಚೆನ್ನಾಗಿ ತುಳಿಯುತ್ತಾರೆ ಎಂಬುದರ ಮೇಲೆ ಅತಿ ವೇಗದವರ ಹಣೆಬರಹ ನಿಂತಿರುತ್ತದೆ. ಈ ಮಾತು ನನಗೆ ಪೂರ್ತಿ ಅರ್ಥವಾದದ್ದು ಒಂದು ಗುಡ್ಡದ ರೇಸಿನಲ್ಲಿ.

ಆಸ್ಟ್ರೇಲಿಯಾದವರಿಗೆ ಇದು ಹಳೆಯ ಒಲವು. ಸ್ಟಾಲ್ ಎಂಬ ಊರಿನಲ್ಲಿ 1878ರಿಂದ ಈಸ್ಟರ್ ಹಬ್ಬಕ್ಕೆ ಹುಲ್ಲಿನ ಮೇಲೆ ಹ್ಯಾಂಡಿಕ್ಯಾಪ್ ಓಟ ನಡೆಯುತ್ತದೆ. 120 ಮೀಟರ್ ದೂರ, ಒಬ್ಬೊಬ್ಬರಿಗೆ ಒಂದೊಂದು ಜಾಗದಿಂದ ಆರಂಭ. ಸೈಕಲ್ ಟ್ರ್ಯಾಕಿನ ಆಸ್ಟ್ರಲ್ ವೀಲ್ ರೇಸ್ 1887ರದ್ದು. ರಸ್ತೆ ರೇಸುಗಳಲ್ಲಿ ಹಿರಿಯಣ್ಣ ಅಂದರೆ 1895ರಲ್ಲಿ ಶುರುವಾದ ವಾರ್‌ನಂಬೂಲ್ ರೇಸ್. ಮೆಲ್ಬರ್ನಿಗೂ ಕಡಲತೀರದ ವಾರ್‌ನಂಬೂಲಿಗೂ ನಡುವೆ ಒಂದೇ ದಿನದಲ್ಲಿ 260 ಕಿಲೋಮೀಟರಿಗೂ ಹೆಚ್ಚು. ಸುಮಾರು ನೂರು ವರ್ಷ, 1990ರ ದಶಕದ ನಡುವಿನವರೆಗೂ, ಅದನ್ನು ಹ್ಯಾಂಡಿಕ್ಯಾಪಾಗಿಯೇ ಓಡಿಸಿದರು. ಅಲ್ಲಿ ಎರಡು ಗೌರವ: ಗೆರೆ ಮೊದಲು ದಾಟಿದವನಿಗೆ ಒಂದು, ಯಾವ ಗುಂಪಿನಲ್ಲಿ ಹೊರಟರೂ ಅತಿ ಕಡಿಮೆ ಸಮಯದಲ್ಲಿ ಮುಗಿಸಿದವನಿಗೆ ಇನ್ನೊಂದು. ನಮ್ಮ ಕ್ಲಬ್ಬಿನ ಸಣ್ಣ ರೇಸಿನಲ್ಲೂ ಈ ಎರಡು ಲೆಕ್ಕ ಇವತ್ತಿಗೂ ಉಳಿದಿದೆ.

ಯಾರಿಗೆ ಎಷ್ಟು ನಿಮಿಷ ಕೊಡಬೇಕು ಎಂದು ತೀರ್ಮಾನಿಸುವವರೇ ಹ್ಯಾಂಡಿಕ್ಯಾಪರ್. ನಮ್ಮಲ್ಲಿ ಆ ಕೆಲಸ ಮಾಡುವವರು ವೃತ್ತಿಯಲ್ಲಿ ಪ್ಲಂಬರ್. ಪ್ರತಿ ರೇಸಿನ ದಿನ ಗೆರೆಯ ಪಕ್ಕ ನಿಂತು ಯಾರ ಮುಖ ಹೇಗಿದೆ, ಕೊನೆಯ ಐವತ್ತು ಮೀಟರಿನಲ್ಲಿ ಯಾರು ಸೀಟು ಬಿಟ್ಟು ಎದ್ದರು, ಯಾರು ಎದ್ದಂತೆ ಮಾಡಿದರು ಎಂದೆಲ್ಲ ಗಮನಿಸುತ್ತಾರೆ. ಒಳ್ಳೆಯ ಮಾರ್ಕ್, ಅಂದರೆ ಹೊರಡುವಾಗ ಹೆಚ್ಚು ನಿಮಿಷ, ಸಿಗಲೆಂದು ತಿಂಗಳುಗಟ್ಟಲೆ ಕಾಲು ಬಚ್ಚಿಟ್ಟುಕೊಳ್ಳುವವರು ಎಲ್ಲ ಕ್ಲಬ್ಬಿನಲ್ಲೂ ಇರುತ್ತಾರಂತೆ. ಅಂಥವರನ್ನು ಅವರು ಒಂದೇ ರೇಸಿನಲ್ಲಿ ಹಿಡಿದುಬಿಡುತ್ತಾರೆ.

ಬಯಲಿನ ರೇಸಿಗೆ ಲೆಕ್ಕ ಸುಲಭ. ಗುಡ್ಡ ಬಂದರೆ ಕಷ್ಟ, ಯಾಕೆ ಅಂತ ಕೂತು ಒಮ್ಮೆ ಗುಣಿಸಿ ನೋಡಿದೆ. ರೇಸು 60 ಕಿಲೋಮೀಟರ್, ಅದರಲ್ಲಿ ಏರು 5 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಸಮತಟ್ಟಿನ 55 ಕಿಲೋಮೀಟರನ್ನು ಲಿಮಿಟ್ ಗುಂಪು ಗಂಟೆಗೆ 32ರಂತೆ, ಸ್ಕ್ರಾಚ್ ಗುಂಪು 41ರಂತೆ ಹೋದರೆ ಇಬ್ಬರ ನಡುವಿನ ಅಂತರ ಇಪ್ಪತ್ತೆರಡು ಇಪ್ಪತ್ಮೂರು ನಿಮಿಷ. ಏರಿನಲ್ಲಿ ಇವರು ಗಂಟೆಗೆ 12, ಅವರು 20. ಬರೀ 5 ಕಿಲೋಮೀಟರಿನಲ್ಲಿ ಹತ್ತು ನಿಮಿಷ ಹೋಯಿತು. ಅಂದರೆ ದೂರದಲ್ಲಿ ಹನ್ನೆರಡನೇ ಒಂದು ಪಾಲಿರುವ ಗುಡ್ಡ ಒಟ್ಟು ಅಂತರದ ಮೂರನೇ ಒಂದು ಪಾಲನ್ನು ಹತ್ತಿರಹತ್ತಿರ ನುಂಗುತ್ತದೆ.

ಬಯಲಿನಲ್ಲಿ ಸೈಕಲ್ಲಿನವನ ಶತ್ರು ಗಾಳಿ. ಗಾಳಿಯನ್ನು ಹಂಚಿಕೊಳ್ಳಬಹುದು. ಒಬ್ಬ ಮುಂದೆ ನಿಂತು ಸೀಳಿದರೆ ಅವನ ಬೆನ್ನಿಗೆ ಅಂಟಿ ಬರುವವನಿಗೆ ಕಾಲು ಭಾಗವೋ ಅದಕ್ಕಿಂತ ಹೆಚ್ಚೋ ಶ್ರಮ ಉಳಿಯುತ್ತದೆ. ಆಮೇಲೆ ಅವನು ಹಿಂದೆ, ಇವನು ಮುಂದೆ. ಹಾಗಾಗಿ ಎಂಟು ಸಾಧಾರಣ ಜನ ಒಗ್ಗಟ್ಟಾಗಿ ತುಳಿದರೆ ಒಬ್ಬ ಗಟ್ಟಿಗನಿಗಿಂತ ಜೋರಾಗಿ ಹೋಗುತ್ತಾರೆ. ಏರಿನಲ್ಲಿ ಭಾರದ ಜೊತೆ ಹೋರಾಟ, ಭಾರವನ್ನು ಹಂಚಿಕೊಳ್ಳಲು ಬರುವುದಿಲ್ಲ. 75 ಕಿಲೋ ತೂಗುವವನು 8 ಕಿಲೋ ಸೈಕಲ್ ಹತ್ತಿ ಶೇಕಡ 7ರ ಏರನ್ನು ಗಂಟೆಗೆ 12ರಂತೆ ಹತ್ತಬೇಕಾದರೆ ಬರೀ ಮೇಲೆತ್ತುವುದಕ್ಕೇ 190 ವಾಟ್ ಬೇಕು. 60 ಕಿಲೋದವರಿಗೆ 155 ಸಾಕು. ಬಯಲಿನಲ್ಲಿ ಒಂದೇ ಸಮ ಇದ್ದ ಇಬ್ಬರನ್ನು ಗುಡ್ಡ ಹೀಗೆ ಬೇರೆ ಮಾಡುತ್ತದೆ. ಹ್ಯಾಂಡಿಕ್ಯಾಪರ್ ಮಾಡಿಕೊಟ್ಟ ಗುಂಪು ಗುಡ್ಡದ ತಲೆಯವರೆಗೆ ಗುಂಪಾಗಿ ಉಳಿಯುತ್ತದೋ ಇಲ್ಲವೋ ಎಂಬುದೇ ಗುಡ್ಡದ ಹ್ಯಾಂಡಿಕ್ಯಾಪಿನ ಇಡೀ ಕಥೆ.

ನಾನು ಹೇಳುತ್ತಿರುವ ರೇಸು ನಡೆದದ್ದು ಮೆಲ್ಬರ್ನಿನ ಉತ್ತರಕ್ಕೆ, ಬ್ರಾಡ್‌ಫೋರ್ಡ್ ಕಡೆ. ಅಲ್ಲಿಂದ ಮರ್ಚಿಸನ್ ಗ್ಯಾಪ್ ಎಂಬ ಕಣಿವೆದಾರಿ ಹತ್ತಿ, ಆಚೆ ಸ್ಟ್ರಾತ್ ಕ್ರೀಕ್ ಊರಿಗೆ ಇಳಿದು, ಕಣಿವೆಯ ಗುಂಟ ಫ್ಲವರ್‌ಡೇಲ್ ಕಡೆ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗಿ, ಗ್ಯಾಪಿನ ನೆತ್ತಿಯಲ್ಲಿ ಮುಗಿಸಬೇಕು. ಆಗಸ್ಟ್ ತಿಂಗಳು, ಇಲ್ಲಿ ಚಳಿಗಾಲದ ಕೊನೆ. ಬೇಲಿಯಂಚಿನಲ್ಲೆಲ್ಲ ವಾಟಲ್ ಗಿಡಗಳು, ನಮ್ಮ ಜಾಲಿಯ ಬಳಗದವೇ, ಮೈತುಂಬ ಹಳದಿ ಹೂ ಬಿಟ್ಟಿದ್ದವು. ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಕಾಲಿಗೆ ಹಚ್ಚಿಕೊಂಡ ನೋವಿನೆಣ್ಣೆಯ ಘಾಟು ಎಲ್ಲರ ಮೈಯಿಂದಲೂ ಬರುತ್ತಿತ್ತು.

ನಾನಿದ್ದದ್ದು ಲಿಮಿಟ್ ಗುಂಪಿನಲ್ಲಿ, ಎಂಟು ಜನ. ಎಪ್ಪತ್ತು ದಾಟಿದ ಒಬ್ಬ ಅಜ್ಜ, ಕಡ್ಡಿಯಂಥ ಮೈ, ಹಳೆಯ ಉಕ್ಕಿನ ಸೈಕಲ್. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ ನರ್ಸ್ ಒಬ್ಬರು. ಹದಿನಾರರ ಒಬ್ಬ ಹುಡುಗ. ಆರಡಿ ಮೀರಿದ, ನೂರು ಕಿಲೋದ ಹತ್ತಿರದ ಲಾರಿ ಡ್ರೈವರ್ ಒಬ್ಬ. ಮಿಕ್ಕವರು ನನ್ನ ಹಾಗೆ ನಡುವಯಸ್ಸಿನ ಆಫೀಸಿನವರು. ಹೊರಡುವ ಮುಂಚೆ ಅಜ್ಜ ಹೇಳಿದ್ದು ಎರಡೇ ಮಾತು: “ಟರ್ನ್ ಚಿಕ್ಕದಿರಲಿ. ಮುಂದೆ ಬಂದಾಗ ಯಾರೂ ವೇಗ ಹೆಚ್ಚಿಸಬೇಡಿ.”

ಟರ್ನ್ ತೆಗೆದುಕೊಳ್ಳುವುದನ್ನು, ಅಂದರೆ ಸರದಿಯಂತೆ ಮುಂದೆ ಬಂದು ಗಾಳಿ ಸೀಳುವುದನ್ನು, ಸ್ವಲ್ಪ ಹತ್ತಿರದಿಂದ ಹೇಳಬೇಕು, ಯಾಕೆಂದರೆ ಈ ಆಟದ ಅತಿ ಚೆಂದದ ಭಾಗ ಅದು. ಅಕ್ಕಪಕ್ಕ ಎರಡು ಸಾಲು. ಒಂದು ಸಾಲು ಒಂದಿಷ್ಟು ಜೋರಾಗಿ ಮುಂದಕ್ಕೆ ಜರುಗುತ್ತದೆ, ಇನ್ನೊಂದು ಒಂದಿಷ್ಟು ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಜೋರಿನ ಸಾಲಿನಲ್ಲಿ ಮುಂದೆ ಬಂದವನು ಪಕ್ಕದವನ ಮುಂಚಕ್ರವನ್ನು ದಾಟಿದ ಕೂಡಲೇ ಅವನ ಎದುರಿಗೆ ಸರಿದು ಪೆಡಲಿನ ಒತ್ತಡವನ್ನು ತುಸು ಸಡಿಲಿಸಬೇಕು. ಅಷ್ಟರಲ್ಲಿ ಅವನ ಹಿಂದಿದ್ದವನು ಪಕ್ಕಕ್ಕೆ ಬಂದಿರುತ್ತಾನೆ. ಗಾಳಿಗೆ ಎದೆ ಕೊಡುವುದು ಹತ್ತು ಹದಿನೈದು ಸೆಕೆಂಡು ಮಾತ್ರ. ಹಿಂದಕ್ಕೆ ಜಾರುವವನಿಗೆ ತನ್ನ ಹಿಂದೆ ಎಷ್ಟು ಜನ ಉಳಿದಿದ್ದಾರೆಂದು ಕಾಣಿಸುವುದಿಲ್ಲ. ಅದಕ್ಕೆ ಜೋರಿನ ಸಾಲಿನ ಕೊನೆಯವನು ಅವನನ್ನು ದಾಟುವಾಗ “ಲಾಸ್ಟ್” ಅನ್ನಬೇಕು. ಆ ಒಂದು ಮಾತು ಕಿವಿಗೆ ಬಿದ್ದರೆ ಅವನು ತಕ್ಷಣ ಆ ಚಕ್ರದ ಹಿಂದೆ ಸೇರಿಕೊಳ್ಳಬಹುದು. ಬೀಳದಿದ್ದರೆ ಎರಡು ಸೈಕಲ್‌ನಷ್ಟು ಅಂತರ ಬಿದ್ದು, ಅದನ್ನು ತುಂಬಿಕೊಳ್ಳಲು ಉಳಿಸಿದ್ದೆಲ್ಲ ಖರ್ಚಾಗುತ್ತದೆ. ಇಲ್ಲಿನ ದಾರಿಗಳು ದಪ್ಪ ಜಲ್ಲಿ ಹಾಕಿ ಟಾರು ಬಳಿದವು, ಚಕ್ರದ ಸದ್ದೇ ಜೋರು. ಆ ಸದ್ದಿನ ನಡುವೆ ಹುಡುಗ ಪ್ರತಿ ಸುತ್ತಿಗೂ ತಪ್ಪದೆ “ಲಾಸ್ಟ್, ಲಾಸ್ಟ್” ಅನ್ನುತ್ತಿದ್ದದ್ದು ಈಗಲೂ ನನಗೆ ಕೇಳಿಸುತ್ತದೆ. ಎಂಟು ಜನ ಒಬ್ಬರ ಹೆಸರೂ ಒಬ್ಬರಿಗೆ ಸರಿಯಾಗಿ ಗೊತ್ತಿಲ್ಲದೆ ಇಷ್ಟು ನಂಬಿಕೆಯಿಂದ, ಚಕ್ರಕ್ಕೆ ಚಕ್ರ ಒಂದು ಗೇಣು ಅಂತರದಲ್ಲಿ, ಸರದಿ ತಪ್ಪಿಸದೆ ದುಡಿಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಸಲ ಗ್ಯಾಪ್ ಹತ್ತುವಾಗ ಸಾಲು ಬಿಚ್ಚಿಕೊಂಡಿತು. ಅಜ್ಜ, ನರ್ಸ್, ಹುಡುಗ ಹಗುರ ಮೈಯವರು, ಸಲೀಸಾಗಿ ಮುಂದೆ ಹೋದರು. ನಾನು ನಡುವೆ. ಲಾರಿ ಡ್ರೈವರ್ ಹಿಂದೆ ಬಿದ್ದ. ಅವನ ಉಸಿರಾಟ ನನಗೆ ಕೇಳಿಸುತ್ತಾ ಕೇಳಿಸುತ್ತಾ ದೂರವಾಯಿತು. ನೆತ್ತಿ ತಲುಪುವಷ್ಟರಲ್ಲಿ ಅವನು ನಮಗಿಂತ ಒಂದು ನಿಮಿಷದಷ್ಟು ಹಿಂದಿದ್ದ. ಕಾಯಬೇಕೇ, ಬೇಡವೇ? ಹಿಂದೆ ಐದು ಗುಂಪುಗಳು ನಮ್ಮನ್ನು ಅಟ್ಟಿಸಿಕೊಂಡು ಬರುತ್ತಿವೆ, ಸ್ಕ್ರಾಚಿನವರು ಇನ್ನೂ ಹೊರಟಿರಲಿಕ್ಕಿಲ್ಲ, ಆದರೆ ಹೊರಟರೆ ಪ್ರತಿ ನಿಮಿಷವೂ ಅವರಿಗೆ ಲಾಭ. ಹುಡುಗ ಹೋಗೋಣ ಅಂತ ಚಡಪಡಿಸಿದ. ಅಜ್ಜ ಪೆಡಲ್ ತುಳಿಯುವುದನ್ನು ನಿಲ್ಲಿಸಿ ಹಾಗೇ ಜಾರಲು ಬಿಟ್ಟರು. “ಕಣಿವೆಯಲ್ಲಿ ಎದುರುಗಾಳಿ ಇದೆ. ಅವನಿಲ್ಲದೆ ನಮಗೆ ಗತಿಯಿಲ್ಲ” ಅಂದರು.

ಇಳಿಜಾರಿನಲ್ಲಿ ಭಾರದವರಿಗೆ ಅನುಕೂಲ. ಅದೇ ನೂರು ಕಿಲೋ ಅವನನ್ನು ತಿರುವು ತಿರುವಿಗೂ ನಮ್ಮ ಹತ್ತಿರ ತಂದಿತು. ಸ್ಟ್ರಾತ್ ಕ್ರೀಕ್ ದಾಟುವ ಹೊತ್ತಿಗೆ ನಾವು ಮತ್ತೆ ಎಂಟು ಜನ. ಆಮೇಲಿನ ಕಣಿವೆಯಲ್ಲಿ ದಕ್ಷಿಣದ ಗಾಳಿ ಎದೆಗೆ ಬಂದು ಬಡಿಯಿತು. ಆ ಮನುಷ್ಯನ ಹಿಂದೆ ಕೂರುವುದೆಂದರೆ ಗೋಡೆಯ ಮರೆಗೆ ನಿಂತಂತೆ. ನಮ್ಮದು ಹತ್ತು ಸೆಕೆಂಡಿನ ಟರ್ನ್, ಅವನದು ಒಂದೊಂದು ನಿಮಿಷ. ಅಜ್ಜನನ್ನು ಎರಡು ಸಲ ಟರ್ನ್ ತಪ್ಪಿಸಿ ಹಿಂದೆ ಕೂರಿಸಿದ, “ನೀವು ಗುಡ್ಡಕ್ಕೆ ಇಟ್ಟುಕೊಳ್ಳಿ” ಅಂತ.

ಈ ಅಜ್ಜನ ಬಾಯಲ್ಲೇ ನಾನು ಹ್ಯೂಬರ್ಟ್ ಓಪರ್‌ಮನ್ ಹೆಸರು ಮೊದಲು ಕೇಳಿದ್ದು. ನಾನು ಇಂಡಿಯಾದವನು, ಬೆಂಗಳೂರಿನ ಹತ್ತಿರ ಅಂದ ಕೂಡಲೇ “ಹಾಗಾದರೆ ಓಪಿ ನಿನಗೂ ಬೇಕಾದವನೇ” ಅಂದಿದ್ದರು. ಆಗ ಅರ್ಥವಾಗಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಓಪರ್‌ಮನ್ 1904ರಲ್ಲಿ ವಿಕ್ಟೋರಿಯಾ ರಾಜ್ಯದಲ್ಲೇ ಹುಟ್ಟಿದವರು. ವಾರ್‌ನಂಬೂಲ್ ಹ್ಯಾಂಡಿಕ್ಯಾಪಿನ ಅತಿವೇಗದ ಗೌರವವನ್ನು 1924, 1926, 1929ರಲ್ಲಿ ಗಳಿಸಿದರು. 1928ರ ಟೂರ್ ಡಿ ಫ್ರಾನ್ಸಿನಲ್ಲಿ ಹೆಚ್ಚಿನ ಹಂತಗಳಲ್ಲಿ ತಂಡಗಳು ಬೇರೆಬೇರೆಯಾಗಿ ಹೊರಡಬೇಕಿತ್ತು. ದೊಡ್ಡ ತಂಡಗಳಲ್ಲಿ ಹತ್ತರಷ್ಟು ಜನ ಸರದಿಯ ಮೇಲೆ ಗಾಳಿ ಸೀಳಿದರೆ ಆಸ್ಟ್ರೇಲಿಯಾ–ನ್ಯೂಜಿಲೆಂಡಿನ ಇವರ ತಂಡದಲ್ಲಿ ಇದ್ದದ್ದು ನಾಲ್ಕೇ ಜನ. ಹಾಗಿದ್ದೂ ಅವರು 18ನೆಯವರಾಗಿ ಮುಗಿಸಿದರು. ಕಣಿವೆಯ ಗಾಳಿಯಲ್ಲಿ ಎಂಟು ಜನರ ಬೆಲೆ ತಿಳಿದ ಮೇಲೆ ನಾಲ್ಕು ಜನ ಫ್ರಾನ್ಸನ್ನೆಲ್ಲ ಸುತ್ತಿದ್ದು ಎಂಥ ದುಡಿಮೆ ಎಂದು ನನಗೆ ಮೈ ಜುಮ್ಮೆಂದಿತು. 1931ರಲ್ಲಿ ಅವರು ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಬಲು ದೂರದ ರೇಸು ಗೆದ್ದರು.

ಅಜ್ಜ ಹೇಳಿದ್ದು ಇದರ ಬಗ್ಗೆ ಅಲ್ಲ. ಓಪರ್‌ಮನ್ ಆಮೇಲೆ ಸಂಸದರಾಗಿ, 1963ರ ಕೊನೆಯಲ್ಲಿ ವಲಸೆ ಖಾತೆಯ ಮಂತ್ರಿಯಾದರು. 1901ರಿಂದ ಈ ದೇಶದ ಕಾನೂನು ಬಿಳಿಯರಲ್ಲದವರನ್ನು ಹೊರಗಿಡುವಂತೆ ಹೆಣೆದದ್ದು. ಹೇಗೋ ಒಳಗೆ ಬಂದವರೂ ಇಲ್ಲೇ ನೆಲೆಸುವ ಹಕ್ಕಿಗೆ ಹದಿನೈದು ವರ್ಷ ಕಾಯಬೇಕಿತ್ತು. 1966ರ ಮಾರ್ಚಿನಲ್ಲಿ ಓಪರ್‌ಮನ್ ಸಂಸತ್ತಿನಲ್ಲಿ ಎದ್ದು ನಿಂತು, ವಿದ್ಯೆ ಅನುಭವ ಇರುವ ಯುರೋಪೇತರರ ಅರ್ಜಿಗಳನ್ನೂ ಇನ್ನು ಪರಿಗಣಿಸುತ್ತೇವೆ, ಕಾಯುವ ಅವಧಿ ಹದಿನೈದರಿಂದ ಐದಕ್ಕಿಳಿಯುತ್ತದೆ ಎಂದು ಸರ್ಕಾರದ ತೀರ್ಮಾನ ಪ್ರಕಟಿಸಿದರು. ಇದು ಅವರೊಬ್ಬರ ಕೆಲಸವಲ್ಲ, ಹಿಂದೆ ಬಹಳ ಜನರ ಒತ್ತಾಯ ಇತ್ತು. ಆ ನೀತಿಯ ಕೊನೆಯ ಅವಶೇಷ ಹೋಗಲು 1973ರವರೆಗೆ ಕಾಯಬೇಕಾಯಿತು. ಆದರೂ ಮೆಲ್ಬರ್ನಿನಲ್ಲಿ ಈಗ ಕನ್ನಡ ರಾಜ್ಯೋತ್ಸವ ನಡೆಯುತ್ತದೆ, ಅಂಗಡಿಯಲ್ಲಿ ರಾಗಿ ಹಿಟ್ಟು ಸಿಗುತ್ತದೆ, ನನ್ನಂಥವನು ಭಾನುವಾರ ಇವರ ಗುಂಪಿನಲ್ಲಿ ಸರದಿ ತುಳಿಯುತ್ತಾನೆ ಅಂದರೆ ಆ ಬಾಗಿಲನ್ನು ಮೊದಲು ಸರಿಸಿದ ಕೈಗಳಲ್ಲಿ ಹ್ಯಾಂಡಿಕ್ಯಾಪ್ ರೇಸಿನ ಒಬ್ಬ ಸ್ಕ್ರಾಚ್ ಸವಾರನ ಕೈಯೂ ಇತ್ತು. ನನಗೆ ಇದು ಬರೀ ಕಾಕತಾಳೀಯ ಅನ್ನಿಸುವುದಿಲ್ಲ. ಮುಂದಿನವರನ್ನು ಹಿಡಿಯುವ ಕಷ್ಟವನ್ನು ಕಾಲಲ್ಲಿ ಕಂಡವನಿಗೆ, ಯಾರನ್ನು ಗೆರೆಯ ಹತ್ತಿರವೂ ಬಿಡುತ್ತಿಲ್ಲ ಎಂಬುದು ಕಾಣಿಸದೆ ಇರಲಾರದು ಅಂತ ನಂಬಿದ್ದೇನೆ.

ರೇಸಿಗೆ ಮರಳುತ್ತೇನೆ. ಫ್ಲವರ್‌ಡೇಲ್ ಹತ್ತಿರ ಹಿಂದಕ್ಕೆ ತಿರುಗಿದ ಮೇಲೆ ಗಾಳಿ ಬೆನ್ನಿಗೆ ಬಂತು. ತಿರುವಿನಿಂದ ಹಿಂತಿರುಗುವಾಗ ಎದುರಿಗೆ ಬರುವ ಗುಂಪುಗಳು ಒಂದೊಂದಾಗಿ ಕಂಡವು. ಬ್ಲಾಕಿನವರು ಬಹಳ ಹತ್ತಿರ ಬಂದಿದ್ದರು. ಸ್ಕ್ರಾಚಿನ ಸಾಲು ಅವರ ಹಿಂದೆಯೇ, ಹನ್ನೆರಡು ಜನ, ಸದ್ದು ಮಾತ್ರ ಕೇಳಿಸಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟಿ ಹೋದರು. ನಮ್ಮವರಲ್ಲಿ ಯಾರೂ ಮಾತಾಡಲಿಲ್ಲ, ಸಾಲು ಮಾತ್ರ ಇನ್ನಷ್ಟು ಬಿಗಿಯಾಯಿತು.

ಸ್ಟ್ರಾತ್ ಕ್ರೀಕ್ ಕಡೆಯಿಂದ ಗ್ಯಾಪ್ ಕಡಿದಾದ ಏರು. ಬುಡದಲ್ಲಿ ಲಾರಿ ಡ್ರೈವರ್ ಕೊನೆಯ ಟರ್ನನ್ನು ಏರು ಶುರುವಾಗಿ ನೂರಿನ್ನೂರು ಮೀಟರಿನವರೆಗೂ ಎಳೆದ. ಆಮೇಲೆ ಪಕ್ಕಕ್ಕೆ ಸರಿದು ಕೈ ಬೀಸಿ “ಹೋಗಿ” ಅಂದ. ಈ ಸಲ ಯಾರೂ ಕಾಯುವಂತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಒಬ್ಬೊಬ್ಬರೂ ಅವನನ್ನು ದಾಟುವಾಗ ಏನೋ ಒಂದು ಮಾತು ಹೇಳಿದರು. ನನಗೆ ಉಸಿರೇ ಸಾಲದೆ ಅವನ ಬೆನ್ನು ಮುಟ್ಟಿ ಮುಂದೆ ಹೋದೆ.

ಏರಿನ ನಡುವೆ ಬ್ಲಾಕಿನವರು ನನ್ನನ್ನು ದಾಟಿದರು. ಸ್ವಲ್ಪ ಹೊತ್ತಿಗೆ ಸ್ಕ್ರಾಚಿನ ಮೂವರು, ಸೀಟು ಬಿಟ್ಟೆದ್ದು ಸೈಕಲನ್ನು ಆಚೀಚೆ ತೂಗಿಸುತ್ತಾ. ಒಬ್ಬ ಹಾದುಹೋಗುವಾಗ “ಚೆನ್ನಾಗಿ ತುಳಿದಿರಿ, ಹಿಡಿಯೋಕೆ ಸುಸ್ತಾಯಿತು” ಅಂದ. ಗೆದ್ದದ್ದು ಬ್ಲಾಕಿನ ಒಬ್ಬ. ಎರಡನೆಯವನೂ ಅದೇ ಗುಂಪಿನವನು. ಮೂರನೆಯವರಾಗಿ ಗೆರೆ ದಾಟಿದ್ದು ರಾತ್ರಿಯೆಲ್ಲ ವಾರ್ಡಿನಲ್ಲಿ ನಿಂತು ಬಂದಿದ್ದ ನಮ್ಮ ನರ್ಸ್. ಸ್ಕ್ರಾಚಿನ ಮೊದಲಿಗನಿಗೆ ನಾಲ್ಕನೇ ಸ್ಥಾನ, ಅತಿವೇಗದ ಗೌರವ ಅವನಿಗೆ. ಅಜ್ಜ ಒಂಬತ್ತನೆಯವರು.

ಲಾರಿ ಡ್ರೈವರ್ ಬಂದದ್ದು ಕಟ್ಟಕಡೆಗೆ. ಫಲಿತಾಂಶದ ಹಾಳೆಯಲ್ಲಿ ಅವನ ಹೆಸರು ತಳದಲ್ಲಿತ್ತು. ಆದರೆ ಆ ಹಾಳೆಯನ್ನು ಓದುವುದು ಗೊತ್ತಿರುವವರಿಗೆ ಮೂರನೇ ಸಾಲಿನಲ್ಲೂ ಒಂಬತ್ತನೇ ಸಾಲಿನಲ್ಲೂ ಅವನು ಕಾಣಿಸುತ್ತಾನೆ. ಬ್ಲಾಕಿನವರು ಬುಡದವರೆಗೂ ನಮ್ಮನ್ನು ಹಿಡಿಯಲಾಗಲಿಲ್ಲವಲ್ಲ, ಅಲ್ಲೂ ಇದ್ದಾನೆ. ನರ್ಸ್ ತನಗೆ ಬಂದ ಬಹುಮಾನದ ಕವರನ್ನು ಒಡೆದು ಅಲ್ಲೇ ಸಾಸೇಜು ಸುಡುತ್ತಿದ್ದ ಮೇಜಿನ ಮೇಲಿಟ್ಟು, ನಮ್ಮ ಎಂಟೂ ಜನಕ್ಕೆ ಕಾಫಿ ತರಿಸಿದರು. ಹ್ಯಾಂಡಿಕ್ಯಾಪರ್ ದೂರದಲ್ಲಿ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಐವತ್ತು ಚಿಲ್ಲರೆ ಜನರಲ್ಲಿ ಮೊದಲ ಹತ್ತು ಮಂದಿ ಎರಡು ನಿಮಿಷದೊಳಗೆ ಗೆರೆ ದಾಟಿದ್ದರು, ಅದೂ ಅರ್ಧ ಗಂಟೆ ಅಂತರದಲ್ಲಿ ಹೊರಟವರು. ಆ ದಿನ ಅತಿ ಚೆನ್ನಾಗಿ ರೇಸು ಮಾಡಿದವರು ಆ ಹ್ಯಾಂಡಿಕ್ಯಾಪರೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಂದಿನ ತಿಂಗಳ ಪಟ್ಟಿಯಲ್ಲಿ ನರ್ಸಿಗೆ ಎರಡು ನಿಮಿಷ ಕಡಿತ. ನನಗೆ ಹಾಗೇ ಉಳಿಸಿದ್ದಾರೆ.

ಊರಿಗೆ ಬಂದಾಗಲೆಲ್ಲ ನಂದಿ ಬೆಟ್ಟಕ್ಕೆ ಹೋಗುತ್ತೇನೆ. ಭಾನುವಾರ ಬೆಳಗಿನ ಜಾವ ಅಲ್ಲಿ ಎಷ್ಟು ಸೈಕಲ್ಲುಗಳು! ಚುರುಕಿನವರು ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮೇಲಿರುತ್ತಾರೆ, ಮಿಕ್ಕವರಿಗೆ ಮೂವತ್ತೈದು, ನಲವತ್ತು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಬಂದರೆ ಅವರನ್ನು ಕಣ್ಣಿನಲ್ಲಿ ಹಿಡಿಯುವುದೂ ಕಷ್ಟ. ಒಂದೇ ಬೆಟ್ಟ, ಒಂದೇ ಬೆಳಿಗ್ಗೆ, ಆದರೆ ಅವರ ರೇಸೇ ಬೇರೆ ನಮ್ಮದೇ ಬೇರೆ. ಬೆಂಗಳೂರಿನ ಕ್ಲಬ್ಬಿನ ಗೆಳೆಯರಿಗೆ ನಾನು ಹೇಳುತ್ತಲೇ ಇದ್ದೇನೆ, ಇಲ್ಲೂ ಬರೆದಿಡುತ್ತೇನೆ: ಒಮ್ಮೆ ಹ್ಯಾಂಡಿಕ್ಯಾಪ್ ಮಾಡಿ. ಬರೀ ಬೆಟ್ಟದ ಬುಡದಿಂದ ಬೇಡ, ಅಲ್ಲಿ ಒಬ್ಬೊಬ್ಬರೇ ಒದ್ದಾಡುವುದಷ್ಟೇ ಆಗುತ್ತದೆ. ಮೊದಲು ಬಯಲಿನಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಇರಲಿ, ಗುಂಪು ಕಟ್ಟಿ ಸರದಿಯಲ್ಲಿ ತುಳಿಯುವುದಕ್ಕೆ. ಆಮೇಲೆ ಬೆಟ್ಟ. ಎಂಟೆಂಟು ಜನರ ಗುಂಪು ಮಾಡಿ, ಕಾಲೇಜು ಹುಡುಗಿಯ ಜೊತೆ ನಿವೃತ್ತ ಬ್ಯಾಂಕಿನವರನ್ನು ಹಾಕಿ, ತೂಕದವರನ್ನು ಹಗುರದವರ ಜೊತೆ ಹಾಕಿ. ರಸ್ತೆಗೆ ಅನುಮತಿ, ತಿರುವಿನಲ್ಲಿ ಬಾವುಟ ಹಿಡಿಯುವವರು, ಹಿಂದೊಂದು ಕಾರು ಬೇಕೇ ಬೇಕು. ಮಾರ್ಕ್ ಹಾಕುವುದಕ್ಕೆ ಎಲ್ಲರ ನಂದಿ ಸಮಯ ಈಗಾಗಲೇ ಅವರವರ ಫೋನಿನಲ್ಲೇ ಇದೆ. ಡಿಸೆಂಬರಿನಲ್ಲಿ ತುಮಕೂರಿನಲ್ಲಿರುತ್ತೇನೆ. ಯಾರಾದರೂ ಆ ಸಮಯಗಳನ್ನು ಒಟ್ಟುಮಾಡಿ ಕೊಟ್ಟರೆ ಮೊದಲ ಪಟ್ಟಿಯನ್ನು ನಾನು ಹಾಕಿಕೊಡುತ್ತೇನೆ.